ಸನ್ನಿ, ಭ್ರಮೆ, ಅನುಮಾನ: ಗೋಕಾಕ ಸೀಮೆಯ ರೋಗಪದಗಳೂ ನಮ್ಮ ವಿಮರ್ಶೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳು ಘಟಪ್ರಭೆಯ ಆಸುಪಾಸಿನಲ್ಲಿ ಹರಡಿಕೊಂಡಿರುವ ಒಂದೇ ಮಾತಿನ ಸೀಮೆ. ಮೂಡಲಗಿಯಂತೂ ತೀರ ಈಚಿನವರೆಗೆ ಗೋಕಾಕ ತಾಲೂಕಿನ ಅಂಗವೇ ಆಗಿದ್ದಿತು. ಇಲ್ಲದುದನ್ನು ಕಾಣುವ, ಯಾರೂ ಆಡದ ಮಾತನ್ನು ಕೇಳುವ, ಮನೆಯವರೇ ತನಗೆ ವಿಷವಿಕ್ಕುವರೆಂದು ನಂಬುವ ಮನುಷ್ಯನನ್ನು ಕುರಿತು ಹೇಳಲು ಈ ಸೀಮೆಯವರಲ್ಲಿ ಮಾತಿಗೆ ಬಡತನವಿಲ್ಲ. 'ಗಾಳಿ ಬಡದೈತಿ', 'ಮೈಯಾಗ ಬಂದೈತಿ', 'ಸನ್ನಿ ಆಗೇತಿ', 'ಪಿತ್ತ ನೆತ್ತಿಗೇರೇತಿ', 'ತಲಿ ಕೆಟ್ಟೈತಿ' ಎಂಬಿವು ದಿನಬಳಕೆಯ ಮಾತುಗಳು. ಇವೆಲ್ಲ ಮುಗಿದ ಮೇಲೆ ಬರುವ ಮಾತು 'ಧಾರವಾಡಕ್ಕ ಒಯ್ಯಬೇಕು' ಎಂಬುದು. 1845ರಷ್ಟು ಹಿಂದೆಯೇ ಧಾರವಾಡದಲ್ಲಿ ಆರಂಭವಾಗಿ ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಬೆಳೆದಿರುವ ಆಸ್ಪತ್ರೆಯ ನೆನಪು ಆ ಮಾತಿನಲ್ಲಿದೆ. ಊರಿನ ಹೆಸರೇ ರೋಗದ ಹೆಸರಾದುದಕ್ಕೆ ಧಾರವಾಡದವರು ಬೇಸರಪಡಬೇಕಾಗಿಲ್ಲ. ಬೇರೆ ಸೀಮೆಗಳಲ್ಲಿ ಬೇರೆ ಊರುಗಳಿಗೆ ಇದೇ ಗತಿಯಾಗಿದೆ.

ಈ ಮಾತುಗಳನ್ನು ಮುಂದಿಟ್ಟುಕೊಂಡು ನಮ್ಮ ಸಾಹಿತ್ಯವಿಮರ್ಶೆಯ ಒಂದು ಕೊರತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡದ ಕತೆ, ಕಾದಂಬರಿ, ನಾಟಕಗಳಲ್ಲಿ ಒಂದು ಪಾತ್ರಕ್ಕೆ ದರ್ಶನವಾದರೆ, ಅಶರೀರವಾಣಿ ಕೇಳಿಸಿದರೆ, ಅಥವಾ ಅದು ಸಂಶಯದಲ್ಲಿ ಬೆಂದರೆ, ವಿಮರ್ಶಕರ ಕೈಯಲ್ಲಿ ಎರಡು ಬೀಗದ ಕೈಗಳು ಸಿದ್ಧವಾಗಿರುತ್ತವೆ. ಒಂದು ಪುರಾಣಪ್ರತಿಮೆಯದು, ಇನ್ನೊಂದು ಅದುಮಿಟ್ಟ ಬಯಕೆಯದು. ಮೊದಲನೆಯದರಿಂದ ದೈವವೂ ಎರಡನೆಯದರಿಂದ ಗತಜೀವನದ ಗುಟ್ಟೂ ಹೊರಬರುತ್ತವೆ. ಜ್ವರ, ಹೆರಿಗೆ, ಹಸಿವು, ಹೆಂಡ, ವಿಷ, ಮುಪ್ಪು ಇವೂ ಇಲ್ಲದುದನ್ನು ಕಾಣಿಸಬಲ್ಲವು, ಇವೂ ಸಂಶಯವನ್ನು ಹುಟ್ಟಿಸಬಲ್ಲವು ಎಂಬ ಮೂರನೆಯ ಸಾಧ್ಯತೆಯನ್ನು ನಾವು ವಿಚಾರಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಓದುಬರಹವಿಲ್ಲದ ಹಳ್ಳಿಯ ಮಾತು ಈ ಮೂರನೆಯದನ್ನು ಮರೆತಿರಲಿಲ್ಲವೆಂಬುದನ್ನು ಇಲ್ಲಿ ತೋರಿಸಬೇಕಾಗಿದೆ.

ಎರಡನೆಯ ಕೀಲಿಕೈ ನಮಗೆ ಬಂದುದು ಫ್ರಾಯ್ಡನಿಂದ. ಆತನು 1911ರಲ್ಲಿ ಷ್ರೇಬರ್ ಎಂಬ ಜರ್ಮನ್ ನ್ಯಾಯಾಧೀಶನ ಸಂಶಯೋನ್ಮಾದವನ್ನು ಕುರಿತು ಬರೆದ ದೀರ್ಘಪ್ರಬಂಧ ಪ್ರಸಿದ್ಧವಾದುದು. ಫ್ರಾಯ್ಡನು ಷ್ರೇಬರನ ಚಿಕಿತ್ಸೆ ಮಾಡಿದವನಲ್ಲ. ಆ ನ್ಯಾಯಾಧೀಶನು 1903ರಲ್ಲಿ ಪ್ರಕಟಿಸಿದ ಆತ್ಮವೃತ್ತವನ್ನು ಓದಿ, ಅದರ ಮೇಲೆಯೇ ರೋಗನಿದಾನ ಮಾಡಿದನು. ಒಂದರ್ಥದಲ್ಲಿ ಅದು ಪುಸ್ತಕವಿಮರ್ಶೆಯೇ. ನಾಡಿ ಹಿಡಿಯದೆ, ನಾಲಗೆ ನೋಡದೆ, ಬರೆದ ಪುಟದಿಂದಲೇ ರೋಗದ ಬೇರನ್ನು ಕಂಡುಹಿಡಿಯುವ ಈ ಮಾದರಿ ಸಾಹಿತ್ಯವಿಮರ್ಶಕರಿಗೆ ಬಹಳ ಹಿಡಿಸಿದುದರಲ್ಲಿ ಆಶ್ಚರ್ಯವಿಲ್ಲ. ಅದೇ ಕಾಲದಲ್ಲಿ, 1913ರಲ್ಲಿ, ಕಾರ್ಲ್ ಯಾಸ್ಪರ್ಸ್ ಎಂಬ ವೈದ್ಯನು ಇನ್ನೊಂದು ಭೇದವನ್ನು ಮುಂದಿಟ್ಟನು. ರೋಗಿಯ ಅನುಭವದಲ್ಲಿ ವಸ್ತು ಬೇರೆ, ರೂಪ ಬೇರೆ. ಕೇಳಿಸಿದ ಧ್ವನಿ ಎಲ್ಲಮ್ಮನದೋ ಪೋಲೀಸಿನವನದೋ ಎಂಬುದು ವಸ್ತು. ಅದನ್ನು ಕೊಡುವುದು ಊರು, ಮನೆತನ, ನಂಬಿಕೆ. ಧ್ವನಿ ಎಚ್ಚರದಲ್ಲಿ ಕೇಳಿಸಿತೋ ಜ್ವರದ ಮಂಪರದಲ್ಲೋ, ಕಿವಿಗೋ ಕಣ್ಣಿಗೋ, ಹಗಲೋ ರಾತ್ರಿಯೋ ಎಂಬುದು ರೂಪ. ಅದನ್ನು ಕೊಡುವುದು ರೋಗ. ಈ ಭೇದ ನಮ್ಮ ವಿಮರ್ಶೆಗೆ ಬಂದಿದ್ದರೆ ಎಷ್ಟೋ ಪ್ರಯೋಜನವಾಗುತ್ತಿದ್ದಿತು. ನಾವು ವಸ್ತುವನ್ನು ಬಿಡಿಸಿ ಬಿಡಿಸಿ ಓದಿದೆವು, ರೂಪವನ್ನು ಕೇಳಲಿಲ್ಲ.

ಒಂದು ನಿದರ್ಶನಕ್ಕಾಗಿ ಗೋಕಾಕ ಸೀಮೆಯಿಂದ ತುಸು ಹೊರಗೆ ಹೋಗಬೇಕಾಗುತ್ತದೆ. ತ್ರಿವೇಣಿಯವರ 'ಶರಪಂಜರ' ಕನ್ನಡ ಓದುಗರೆಲ್ಲ ಬಲ್ಲ ಕಾದಂಬರಿ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದ ಮೇಲೆ ಓದದವರೂ ಬಲ್ಲ ಕತೆ. ಎರಡನೆಯ ಹೆರಿಗೆಯ ಬಳಿಕ ಕಾವೇರಿಯ ಬುದ್ಧಿ ಕದಡುತ್ತದೆ; ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ; ಮನೆಯೂ ಊರೂ ಆಕೆಯನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಕಾವೇರಿಯ ರೋಗದ ಬೇರನ್ನು ಕುರಿತು ಮಾತು ಬಂದಾಗಲೆಲ್ಲ ಮದುವೆಗೆ ಹಿಂದಣ ಗುಟ್ಟು, ಪಾಪಪ್ರಜ್ಞೆ, ಪತಿಯ ದ್ರೋಹ ಇವೇ ಚರ್ಚೆಗೆ ಬರುತ್ತವೆ. ಕತೆಯ ಕಟ್ಟಿನಲ್ಲಿ ಇವಕ್ಕೆ ಸ್ಥಾನವುಂಟು, ನಿಜ. ಆದರೆ ಕಣ್ಣೆದುರಿಗೇ ಇರುವ ಸಂಗತಿಯೆಂದರೆ ಹೆರಿಗೆ. ಹೆತ್ತ ಒಂದೆರಡು ವಾರಗಳಲ್ಲಿ ತಲೆದೋರುವ, ಸಾವಿರ ಹೆರಿಗೆಗೆ ಒಂದೆರಡರಂತೆ ಎಲ್ಲ ದೇಶಗಳಲ್ಲಿಯೂ ಕಂಡುಬರುವ ಈ ಉನ್ಮಾದವನ್ನು 1858ರಲ್ಲಿಯೇ ಫ್ರಾನ್ಸಿನ ಮಾರ್ಸೆ ಎಂಬ ವೈದ್ಯನು ಪ್ರತ್ಯೇಕ ಗ್ರಂಥದಲ್ಲಿ ವಿವರಿಸಿದ್ದನು. ಗುಟ್ಟಿದ್ದವರಿಗೂ ಬರುತ್ತದೆ, ಗುಟ್ಟಿಲ್ಲದವರಿಗೂ ಬರುತ್ತದೆ; ಚಿಕಿತ್ಸೆಯಾದರೆ ಬಹುಮಂದಿ ಪೂರ್ತಿ ಗುಣವಾಗುತ್ತಾರೆ. ಮನಶ್ಶಾಸ್ತ್ರವನ್ನು ಓದಿಕೊಂಡಿದ್ದ ತ್ರಿವೇಣಿಯವರು ಗುಣವಾದ ಮೇಲಿನ ಕತೆಯನ್ನು ಹೇಳಹೊರಟಿದ್ದರು. ರೋಗಿಯು ಗುಣವಾದ ತರುವಾಯ ಸಂಶಯದ ರೋಗ ಸುತ್ತಲಿನವರಿಗೆ ಅಂಟಿಕೊಳ್ಳುವುದೇ ಅಲ್ಲಿಯ ದುರಂತ. ಕಾವೇರಿಯ ರೋಗಕ್ಕೆ ಆಕೆಯ ನಡತೆಯಲ್ಲಿ ಕಾರಣ ಹುಡುಕುವ ವಿಮರ್ಶಕನು ತನಗರಿಯದೆ ಆ ಕತೆಯ ನೆರೆಹೊರೆಯವರ ಪಕ್ಕದಲ್ಲಿ ಹೋಗಿ ನಿಲ್ಲುತ್ತಾನೆ.

ಗೋಕಾಕ ಸೀಮೆಯ ಮುದುಕಿಯೊಬ್ಬಳಿಗೆ ಈ ಕತೆಯನ್ನು ಹೇಳಿದ್ದರೆ ಅವಳು ಗುಟ್ಟನ್ನು ಹುಡುಕುತ್ತಿರಲಿಲ್ಲ. 'ಬಾಣಂತಿ ಸನ್ನಿ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದಳು. 'ಸನ್ನಿ' ಎಂಬುದು ಸಂಸ್ಕೃತದ ಸನ್ನಿಪಾತದ ತದ್ಭವ. ಮೂರು ದೋಷಗಳೂ ಒಟ್ಟಿಗೆ ಕೆರಳಿದ ಸ್ಥಿತಿ. ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸುವಾಗ ವಾತ, ಪಿತ್ತ, ಕಫಗಳ ಬಳಿಕ ಸನ್ನಿಪಾತವನ್ನು ಹೇಳಿ, ಹೊರಗಿನಿಂದ ಬಂದ ಆಗಂತುವನ್ನು ಕೊನೆಗೆ ಇಡುತ್ತದೆ. ಐದರಲ್ಲಿ ನಾಲ್ಕು ಮೈಯೊಳಗಿನವು. ಭೂತಪಿಶಾಚಗಳಿಗೆ ಬಿಟ್ಟುಕೊಟ್ಟುದು ಒಂದೇ. ದೋಷಗಳ ಸಿದ್ಧಾಂತವನ್ನು ಇಂದು ನಾವು ಒಪ್ಪಬೇಕಾಗಿಲ್ಲ. ಆದರೆ ಕಾರಣವನ್ನು ಮೊದಲು ಮೈಯಲ್ಲಿ ಹುಡುಕಬೇಕೆಂಬ ಅದರ ಕ್ರಮ ಜನರ ನಾಲಗೆಗೆ ಇಳಿದು 'ಸನ್ನಿ'ಯಾಗಿ, 'ಪಿತ್ತ ನೆತ್ತಿಗೇರಿತು' ಎಂಬ ನುಡಿಗಟ್ಟಾಗಿ ಉಳಿದುಬಂದಿತೆಂಬುದು ಲಕ್ಷ್ಯಕ್ಕೆ ತಂದುಕೊಳ್ಳತಕ್ಕ ವಿಷಯ.

ಈ ಪದದ ದೋಷವನ್ನೂ ಹೇಳದಿದ್ದರೆ ನ್ಯಾಯವಾಗದು. 'ಸನ್ನಿ'ಯ ಹೊಟ್ಟೆ ಬಹಳ ದೊಡ್ಡದು. ವಿಷಮಶೀತಜ್ವರದ ಮೂರನೆಯ ವಾರದ ಬಡಬಡಿಕೆ, ಮಿದುಳುಪೊರೆಯ ಉರಿ, ಧನುರ್ವಾಯುವಿನ ಸೆಟೆತ, ಹೆರಿಗೆಯ ನಂಜು, ಹೆರಿಗೆಯ ಉನ್ಮಾದ ಎಲ್ಲವೂ ಅದರೊಳಗೆ ಸೇರಿಹೋದವು. ಎಲ್ಲಕ್ಕೂ ಒಂದೇ ಹೆಸರಾದುದರಿಂದ ಎಲ್ಲಕ್ಕೂ ಒಂದೇ ಮದ್ದು, ಬಿಸಿ ಮಾಡುವುದು, ಬರೆ ಹಾಕುವುದು ಎಂದಾಯಿತು. ಬಾಣಂತಿಗೆ ನೀರು ಕೊಡಬಾರದೆಂಬ ಪದ್ಧತಿ ಕರ್ನಾಟಕದ ಹಲವು ಕಡೆ ಇದ್ದುದು, ಈಗಲೂ ಕೆಲವು ಮನೆಗಳಲ್ಲಿ ಇರುವುದು, ಎಲ್ಲರಿಗೂ ಗೊತ್ತು. ಹೆರಿಗೆಯ ಬಳಿಕ ರಕ್ತ ಹೆಪ್ಪುಗಟ್ಟುವ ಸ್ವಭಾವ ಸಹಜವಾಗಿಯೇ ಹೆಚ್ಚಿರುತ್ತದೆ. ನೀರಡಿಕೆಯಿಂದ ಅದು ಇನ್ನೂ ಹೆಚ್ಚುತ್ತದೆ. ಮಿದುಳಿನಿಂದ ರಕ್ತವನ್ನು ಹಿಂದಕ್ಕೊಯ್ಯುವ ನಾಳಗಳಲ್ಲಿ ಅದು ಹೆಪ್ಪುಗಟ್ಟಿದರೆ ತಲೆಶೂಲೆ, ಸೆಳವು, ಎಚ್ಚರದಪ್ಪುವಿಕೆ, ಕೆಲವೊಮ್ಮೆ ಹುಚ್ಚೆಂದೇ ತೋರುವ ನಡವಳಿಕೆ ಕಾಣಿಸಿಕೊಳ್ಳುತ್ತವೆ. ಭಾರತದ ಆಸ್ಪತ್ರೆಗಳಲ್ಲಿ ಬಾಣಂತಿಯರ ಈ ರೋಗ ಪಶ್ಚಿಮ ದೇಶಗಳಿಗಿಂತ ಬಹಳ ಹೆಚ್ಚಾಗಿ ಕಂಡುಬಂದುದನ್ನು ವೈದ್ಯರು ದಾಖಲೆ ಮಾಡಿದ್ದಾರೆ. ಅಂತೂ 'ಬಾಣಂತಿ ಸನ್ನಿ' ಎಂದ ಮುದುಕಿಯ ಕೈಬೆರಳು ಮೈಯ ಕಡೆಗೇ ತೋರಿತು. ಆದರೆ ಅವಳ ಮನೆಯ ಆಚಾರವೇ ಕೆಲವೊಮ್ಮೆ ಆ ರೋಗಕ್ಕೆ ದಾರಿಮಾಡಿರಬೇಕು.

ವಿಷದ ವಿಷಯದಲ್ಲಿ ನಮ್ಮ ಭಾಷೆ ಇನ್ನೂ ನಿಖರವಾಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯಗ್ರಂಥವನ್ನು ಕನ್ನಡ ಪದ್ಯದಲ್ಲಿ ರಚಿಸಿದನೆಂಬುದನ್ನು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಅದನ್ನು ಕಾವ್ಯವೆಂದು ಎಣಿಸಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಅದರ ವಿಷಯ ಹಿಂದೆ ಬೀಳುತ್ತದೆ. ದತ್ತೂರಿ ಗಿಡಕ್ಕೆ ಕನ್ನಡದಲ್ಲಿ 'ಉಮ್ಮತ್ತ', 'ಉಮ್ಮತ್ತಿ' ಎಂಬ ಹೆಸರುಂಟು. ಇದು 'ಉನ್ಮತ್ತ' ಎಂಬುದರ ತದ್ಭವವೇ. ರೋಗನಿದಾನವೇ ಗಿಡದ ಹೆಸರಾಗಿದೆ. ಇದರ ಬೀಜ ಹೊಟ್ಟೆಗೆ ಸೇರಿದವನ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅರಳುತ್ತದೆ, ಮೈ ಕಾಯುತ್ತದೆ. ಇಲ್ಲದ ದಾರವನ್ನು ಗಾಳಿಯಲ್ಲಿ ಹೆಕ್ಕುತ್ತಾನೆ, ಇಲ್ಲದವರೊಡನೆ ಮಾತಾಡುತ್ತಾನೆ. ಶಿವಪೂಜೆಗೆ ಸಲ್ಲುವ ಹೂವಾದುದರಿಂದ ಅದು ಗುಡಿಯ ಹಿತ್ತಲಲ್ಲಿಯೂ ಬೆಳೆದಿರುತ್ತದೆ. ಈ ಗಿಡದ ಸತ್ತ್ವಕ್ಕೆ ಹತ್ತಿರವಾದ ಗುಣವುಳ್ಳ ಔಷಧಗಳು ಇಂದು ಅಂಗಡಿಯಲ್ಲಿ ದೊರೆಯುವ ಎಷ್ಟೋ ಗುಳಿಗೆಗಳಲ್ಲಿವೆ. ನೆಗಡಿಗೆಂದು, ತುರಿಕೆಗೆಂದು, ಕೈನಡುಕಕ್ಕೆಂದು ಕೊಟ್ಟ ಮದ್ದಿನಿಂದ ಎಪ್ಪತ್ತು ದಾಟಿದವರು ರಾತ್ರಿಯೆಲ್ಲ ಗೋಡೆಯ ಮೇಲೆ ಇರುವೆ ಕಾಣುವುದುಂಟು. ಮನೆಯವರು ಮಂತ್ರವಾದಿಯನ್ನು ಕರೆಯುವ ಮೊದಲು ಗುಳಿಗೆಯ ಚೀಟಿಯನ್ನು ನೋಡುವುದು ಲೇಸು.

ಇನ್ನು 'ಭ್ರಮೆ'. ಈ ಪದದ ಬಗೆಗೆ ನಮ್ಮ ವಿದ್ವತ್ತೇ ಅಪರಾಧಿಯೆಂದು ಹೇಳಬೇಕಾಗಿದೆ. ವೇದಾಂತವು ನಮಗೆ ಹಗ್ಗ ಹಾವಿನ ದೃಷ್ಟಾಂತವನ್ನು ಕೊಟ್ಟಿತು. ಅಲ್ಲಿ ಹಗ್ಗವೊಂದು ಇದ್ದೇ ಇದೆ. ಇದ್ದುದು ಬೇರೆಯಾಗಿ ಕಂಡಿತು. ಹಗ್ಗವೇ ಇಲ್ಲದೆ ಹಾವು ಕಾಣುವುದು ಬೇರೆಯ ಸಂಗತಿ. ಹಾವು ಕಾಣದೆಯೂ ಹಾವಿದೆಯೆಂದು, ಅದನ್ನು ಬಿಟ್ಟವನು ದಾಯಾದಿಯೆಂದು ಅಲುಗದೆ ನಂಬುವುದು ಇನ್ನೂ ಬೇರೆ. ಮೂರಕ್ಕೂ 'ಭ್ರಮೆ' ಎಂಬ ಒಂದೇ ಪದವನ್ನು ನಮ್ಮ ವೈದ್ಯಲೇಖಕರೂ ವಿಮರ್ಶಕರೂ ಬಳಸುತ್ತಾರೆ. ಒಮ್ಮೆ 'ಭ್ರಾಂತಿ' ಎಂದರೆ ಮುಂದಿನ ಪುಟದಲ್ಲಿಯೇ 'ಭ್ರಮೆ' ಎನ್ನುತ್ತಾರೆ. ಡಾ. ಎಂ. ಶಿವರಾಂ ಅವರ 'ಮನಮಂಥನ' 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದು, ಮನೋವೈದ್ಯವೂ ಕನ್ನಡ ಗದ್ಯಕ್ಕೆ ಸಲ್ಲುವ ವಸ್ತುವೆಂದು ಸಿದ್ಧಪಡಿಸಿದ ಬಳಿಕವೂ ಪರಿಭಾಷೆಯ ಈ ಸಡಿಲು ನಿಂತಿಲ್ಲ. ಇದು ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ವೈದ್ಯನಿಗೆ ಈ ಭೇದವೇ ದಾರಿ ತೋರಿಸುತ್ತದೆ. ಬಹುದಿನದ ಚಿತ್ತವಿಕಾರದಲ್ಲಿ ಹೆಚ್ಚಾಗಿ ಕೇಳಿಸುವುದು ಧ್ವನಿ, ಅದೂ ಪೂರ್ಣ ಎಚ್ಚರದಲ್ಲಿ. ಜ್ವರ, ವಿಷ, ಲವಣಾಂಶದ ಏರುಪೇರು, ಮೂತ್ರಪಿಂಡ ಯಕೃತ್ತುಗಳ ಸೋಲು ಇವುಗಳಿಂದಾದ ಸನ್ನಿಯಲ್ಲಿ ಹೆಚ್ಚಾಗಿ ಕಾಣಿಸುವುದು ನೋಟ, ಲಕ್ಷ್ಯ ಒಂದೆಡೆ ನಿಲ್ಲದು, ಹಗಲು ತಿಳಿಯಾಗಿ ರಾತ್ರಿ ಕೆರಳುವುದು, ಗಂಟೆಗೊಂದು ಬಗೆ. ಇಂಥ ರೋಗಿಯ ಕೋಣೆಯಲ್ಲಿ ರಾತ್ರಿ ಸಣ್ಣ ದೀಪವಿಡಬೇಕು, ಪರಿಚಿತರು ಹತ್ತಿರವಿರಬೇಕು ಎಂದು ದಾದಿಯರಿಗೆ ಕಲಿಸುತ್ತಾರೆ. ದೀಪ ತಂದರೆ ಹಾವು ಹಗ್ಗವಾಗುತ್ತದೆಂಬ ವೇದಾಂತದ ಮಾತು ಆಸ್ಪತ್ರೆಯಲ್ಲಿ ಅಕ್ಷರಶಃ ಸತ್ಯವಾಗುವ ಸ್ಥಳವಿದೊಂದು.

ಇದಕ್ಕೆ ಸೇರಿದ ಸ್ವಂತ ಅನುಭವವೊಂದನ್ನು ಹೇಳಿದರೆ ವಾಚಕರು ಮನ್ನಿಸಬೇಕು. ಮೂಡಲಗಿಯ ಕಡೆಯ ಹಳ್ಳಿಯಲ್ಲಿದ್ದ ನನ್ನ ಸೋದರತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದ್ದಿತು. ಸಂಜೆಯಾದರೆ ಪಡಸಾಲೆಯಲ್ಲಿ ಕೆಂಪು ಅಂಗಿ ತೊಟ್ಟ ಮಕ್ಕಳು ಸಾಲಾಗಿ ಕುಳಿತಿರುವುದು ಅವಳಿಗೆ ಕಾಣುತ್ತಿದ್ದಿತು. ಮನೆಯವರು ಹೆದರಿ ಹುಕ್ಕೇರಿಯ ಕಡೆಯ ಒಬ್ಬ ದೇವರು ಹೇಳುವವನನ್ನು ಕರೆಸಿದರು. ತೀರಿಕೊಂಡ ಕೂಸುಗಳ ಬಾಕಿಯಿದೆಯೆಂದು ಅವನು ಹೇಳಿ, ತನ್ನ ಬಾಕಿಯನ್ನು ತೆಗೆದುಕೊಂಡು ಹೋದನು. ಓದಿದವನೆಂಬ ಹಮ್ಮಿನಿಂದ ನಾನು ಇದನ್ನು ಬಂಜೆತನದ ಕೊರಗೆಂದು ವ್ಯಾಖ್ಯಾನ ಮಾಡಿದ್ದೆ. ಅತ್ತೆಯನ್ನು ಕೇಳಿದಾಗ ಅವಳು ನಕ್ಕು, "ಅವು ಖರೇವಲ್ಲೋ ತಮ್ಮಾ, ನನಗ ಗೊತ್ತೈತಿ. ಮಾತಾಡೂದಿಲ್ಲ, ಕರದ್ರ ಬರೂದಿಲ್ಲ. ಆದ್ರ ಕಾಣತಾವ" ಎಂದಳು. ಚಾರ್ಲ್ಸ್ ಬಾನೆ ಎಂಬ ಸ್ವಿಸ್ ವಿದ್ವಾಂಸನು 1760ರಲ್ಲಿ ತನ್ನ ಅಜ್ಜನನ್ನು ಕುರಿತು ಬರೆದುದು ಇದೇ ಸ್ಥಿತಿ. ದೃಷ್ಟಿ ಕುಂದಿದವರ ಮಿದುಳು ಬಾರದ ನೋಟಕ್ಕೆ ಬದಲಾಗಿ ತಾನೇ ಚಿತ್ರಗಳನ್ನು ತುಂಬಿಕೊಳ್ಳುತ್ತದೆ. ಬುದ್ಧಿಗೆ ಯಾವ ಊನವೂ ಇರುವುದಿಲ್ಲ. ದೇವರು ಹೇಳುವವನೂ ನಾನೂ ವಸ್ತುವನ್ನು ಓದಿದೆವು. ರೂಪವನ್ನು ಹೇಳಿದವಳು ಅವಳೊಬ್ಬಳೇ. ಪೊರೆ ತೆಗೆಸಿದ ಮೇಲೆ ಮಕ್ಕಳು ಬರಲಿಲ್ಲ. ಕೆಲವು ದಿನ ಅವಳಿಗೆ ಮನೆ ಬಣಬಣವೆನ್ನಿಸಿತಂತೆ.

'ಅನುಮಾನ'ಕ್ಕೆ ಬರೋಣ. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಹೊಗೆಯಿಂದ ಬೆಂಕಿಯನ್ನು ಊಹಿಸುವ ಶುದ್ಧ ಪ್ರಮಾಣ. ಕನ್ನಡದಲ್ಲಿ ಅದು ಸಂಶಯ, ಶಂಕೆ ಎಂಬ ಅರ್ಥಕ್ಕೆ ಇಳಿದಿದೆ. ಈ ಅರ್ಥವ್ಯತ್ಯಾಸದಲ್ಲಿ ಜನರು ಒಂದು ಸೂಕ್ಷ್ಮವನ್ನು ಹಿಡಿದಿಟ್ಟಿದ್ದಾರೆಂದು ನನ್ನ ಅಭಿಪ್ರಾಯ. ಸಂಶಯರೋಗಿಯು ತರ್ಕ ತಪ್ಪಿದವನಲ್ಲ. ಅವನು ಬಿಡುವಿಲ್ಲದೆ ತರ್ಕಿಸುತ್ತಾನೆ. ಹೊಗೆಯ ಬದಲು ಮಂಜು ಕಂಡರೂ ಬೆಂಕಿಯೇ ಇದೆಯೆಂದು ಸಾಧಿಸುತ್ತಾನೆ.

ಈ ಸೀಮೆಯ ರಂಗಭೂಮಿಯಲ್ಲಿ ಅನುಮಾನದ ದೊಡ್ಡ ಪಾತ್ರ ಪಾರಿಜಾತದ ಸತ್ಯಭಾಮೆ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ 'ಶ್ರೀಕೃಷ್ಣ ಪಾರಿಜಾತ', ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ನಾಡಿನಲ್ಲೆಲ್ಲ ಹೆಸರಾದ ಆಟ, ಹೂವೊಂದು ಸವತಿಯ ಮುಡಿಗೇರಿದ ಸುದ್ದಿಯಿಂದ ಹುಟ್ಟಿದ ಕಿಚ್ಚನ್ನು ರಾತ್ರಿಯೆಲ್ಲ ಉರಿಸುತ್ತದೆ. ಸತ್ಯಭಾಮೆಯನ್ನು ರೋಗಿಯೆಂದು ಓದುವುದು ಮೂರ್ಖತನ. ಅವಳ ಕೋಪಕ್ಕೆ ನಿಜವಾದ ಹೂವಿದೆ, ನಿಜವಾದ ಸವತಿಯಿದ್ದಾಳೆ, ಕಡ್ಡಿ ಗೀರಿದ ನಾರದನಿದ್ದಾನೆ. ಕೃಷ್ಣ ಸಂತೈಸಿದರೆ ಅವಳು ಇಳಿಯುತ್ತಾಳೆ. ರೋಗದ ಸಂಶಯ ಸಂತೈಸಿದಷ್ಟೂ ಬಲಿಯುತ್ತದೆ. 1955ರಲ್ಲಿ ಇಂಗ್ಲೆಂಡಿನ ಇಬ್ಬರು ವೈದ್ಯರು ಇದಕ್ಕೆ ಷೇಕ್ಸ್‌ಪಿಯರನ ಒಥೆಲೊವಿನ ಹೆಸರಿಟ್ಟರು. ನಾಟಕದ ಒಥೆಲೊವಿಗೂ ಒಬ್ಬ ನಾರದನಿದ್ದುದರಿಂದ ಆ ಹೆಸರು ಅಷ್ಟು ಹೊಂದುವುದಿಲ್ಲವೆಂದು ವಿಮರ್ಶಕರು ಆಕ್ಷೇಪಿಸಬಹುದು.

ಹೆಂಡತಿಯ ಮೇಲಿನ ಇಂಥ ಸಂಶಯಕ್ಕೆ ಬಹುಕಾಲದ ಕುಡಿತ ಸಾಮಾನ್ಯ ಕಾರಣಗಳಲ್ಲೊಂದು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕುಡಿತದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ವರ್ಷಗಟ್ಟಲೆ ದಿನವೂ ಕುಡಿದವನು ದೇವರ ಆಣೆಯಿಟ್ಟೋ ಮಾಲೆ ಹಾಕಿಕೊಂಡೋ ಒಮ್ಮೆಲೆ ಬಿಡುತ್ತಾನೆ. ಎರಡನೆಯ, ಮೂರನೆಯ ದಿನ ಕೈ ನಡುಗಿ, ಬೆವೆತು, ನಿದ್ದೆಗೆಟ್ಟು, ಹಾಸಿಗೆಯ ಮೇಲೆ ಹುಳು, ಗೋಡೆಯ ಮೇಲೆ ಹಲ್ಲಿ, ಬಾಗಿಲಲ್ಲಿ ಕೊಲ್ಲಬಂದವರು ಕಾಣತೊಡಗುತ್ತಾರೆ. ಆಣೆಯ ಬೆನ್ನಿಗೇ ಬಂದುದರಿಂದ ಇದು ದೇವರ ಕಾಟವೆಂದು ಮನೆಯವರು ತಿಳಿಯುವುದು ಸಹಜ. ನಿಜವಾಗಿ ಇದು ಮದ್ಯಕ್ಕೆ ಒಗ್ಗಿದ ಮಿದುಳು ಮದ್ಯವಿಲ್ಲದೆ ಕೆರಳಿದುದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೆ ಎರವಾಗಬಲ್ಲದು. ಗುಡಿಯ ಕಟ್ಟೆಯ ಮೇಲೆ ಕಟ್ಟಿಹಾಕಿದ ಒಂದು ರಾತ್ರಿ ಅವನ ಕೊನೆಯ ರಾತ್ರಿಯಾಗಬಹುದು.

ಮುಪ್ಪಿನ ಅನುಮಾನ ಮನೆಮನೆಯ ಜಗಳದ ವೇಷದಲ್ಲಿ ಬರುತ್ತದೆ. 'ಸೊಸಿ ನನ್ನ ರೊಕ್ಕಾ ಕದ್ದಾಳ' ಎಂದು ಅತ್ತೆ ಊರಿಗೆಲ್ಲ ಸಾರುತ್ತಾಳೆ. ಇಟ್ಟ ಸ್ಥಳ ಮರೆತುಹೋಗಿದೆ, ಮರೆತುದೂ ಮರೆತಿದೆ. ಕಾಣದ ಹಣಕ್ಕೆ ಕಳ್ಳರು ಬೇಕು. ಅತ್ತೆ ಸೊಸೆಯರ ಕತೆಗಳನ್ನು ಕನ್ನಡದಲ್ಲಿ ನೂರಾರು ಬರೆದಿದ್ದೇವೆ. ಅವುಗಳಲ್ಲಿ ಕೆಲವಾದರೂ ಮರೆವಿನ ರೋಗದ ಕತೆಗಳಾಗಿರಬಹುದೆಂದು ಓದಿ ನೋಡಿದವರು ವಿರಳ. ಗಂಟಲಿನ ಮುಂದಿನ ಗ್ರಂಥಿ ಸೋತು ಮಂಕೂ ಸಂಶಯವೂ ಒಟ್ಟಿಗೆ ಬರುವುದನ್ನು 1949ರಲ್ಲಿ ಆಶರ್ ಎಂಬ ವೈದ್ಯನು ವಿವರಿಸಿದನು. ಅದು ಗುಳಿಗೆಯಿಂದ ಸರಿಹೋಗತಕ್ಕ ಸಂಶಯ. 2007ರಲ್ಲಿ ಗುರುತಿಸಲಾದ ಮಿದುಳಿನ ಉರಿಯೊಂದು, ಮೈಯ ರಕ್ಷಣಾಶಕ್ತಿಯೇ ಮಿದುಳಿಗೆ ತಿರುಗಿಬೀಳುವ ರೋಗ, ಹೆಚ್ಚಾಗಿ ಎಳೆಯ ಹೆಂಗಸರಲ್ಲಿ ಧ್ವನಿ, ಭೀತಿ, ಅರಚಾಟಗಳಿಂದ ತೊಡಗಿ ಸೆಳವಿಗೆ ಇಳಿಯುತ್ತದೆ. ಅದಕ್ಕೆ ಮುಂಚೆ ಇಂಥ ಎಷ್ಟು ಹುಡುಗಿಯರನ್ನು ದೆವ್ವ ಹಿಡಿದವರೆಂದು ಬಡಿದಿರಬಹುದೆಂಬುದು ಊಹೆಗೆ ಬಿಟ್ಟ ಮಾತು.

ಹಸಿವಿನ ಮಾತನ್ನು ಕೊನೆಗೆ ಇಟ್ಟುಕೊಂಡುದು ಅದು ಈ ನೆಲಕ್ಕೆ ಅತಿ ಸಮೀಪವಾದುದೆಂದು. ಧೂಪದಾಳದ ಒಡ್ಡೂ ಹಿಡಕಲ್ ಆಣೆಕಟ್ಟೂ ನೀರು ಕೊಟ್ಟು ಕಬ್ಬನ್ನು ಬೆಳೆಸುವ ಮುಂಚೆ ಇದು ಜೋಳದ ನಾಡು. ಊಟದಲ್ಲಿ ಇಂದಿಗೂ ಜೋಳದ ನಾಡೇ. ಜೋಳವುಣ್ಣುವ ದಖ್ಖನದ ಬಡವರಲ್ಲಿ ಪೆಲಾಗ್ರ ಎಂಬ ರೋಗವಿರುವುದನ್ನು ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ಸಂಶೋಧಕರು ಪರಿಶೀಲಿಸಿ 1960ರಲ್ಲಿ ಪ್ರಕಟಿಸಿದ ಲೇಖನ ಲೋಕಪ್ರಸಿದ್ಧವಾಯಿತು. ಅದುವರೆಗೆ ಇದು ಮೆಕ್ಕೆಜೋಳ ತಿನ್ನುವವರ ರೋಗವೆಂದೇ ಎಲ್ಲರೂ ತಿಳಿದಿದ್ದರು. ಬಿಸಿಲು ಬೀಳುವ ಕತ್ತು, ಮುಂಗೈ, ಪಾದಗಳ ಚರ್ಮ ಕಪ್ಪಾಗಿ ಸುಲಿಯುವುದು, ಹೊಟ್ಟೆ ಕೆಡುವುದು, ತರುವಾಯ ಚಿತ್ತ ಕೆಡುವುದು ಇದರ ಕ್ರಮ. ಮೊದಲು ನಿದ್ದೆ ಹೋಗುತ್ತದೆ, ಸಿಡುಕು ಬರುತ್ತದೆ. ಮುಂದೆ ಅಂಜಿಕೆ, ಸಂಶಯ, ಇಲ್ಲದ ಧ್ವನಿ, ಕೊನೆಗೆ ಪೂರ್ಣ ಕಲಕು. ನಯಾಸಿನ್ ಎಂಬ ಜೀವಸತ್ತ್ವ ಕೊಟ್ಟರೆ ಎಷ್ಟೋ ಮಂದಿಯ ಬುದ್ಧಿ ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ. ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಂಶ ಈ ಸತ್ತ್ವದ ಬಳಕೆಗೆ ಅಡ್ಡಿಯಾಗುತ್ತದೆಂಬುದು ಆ ಸಂಶೋಧಕರ ವಾದ. ಮುಂದಿನ ಪ್ರಯೋಗಗಳಲ್ಲಿ ಅದಕ್ಕೆ ಪರವಿರೋಧ ಎರಡೂ ಬಂದವು. ಅಮೆರಿಕದ 'ದಕ್ಷಿಣ' ಸಂಸ್ಥಾನಗಳ ಹುಚ್ಚರ ಆಸ್ಪತ್ರೆಗಳು ಒಂದು ಕಾಲಕ್ಕೆ ಈ ರೋಗಿಗಳಿಂದ ತುಂಬಿದ್ದುದನ್ನೂ, ಅದು ಸೋಂಕಲ್ಲ, ಊಟದ ಕೊರತೆಯೆಂದು ಗೋಲ್ಡ್‌ಬರ್ಗರ್ 1914ರಿಂದ ಮುಂದೆ ಹೋರಾಡಿ ತೋರಿಸಿದುದನ್ನೂ ಇಲ್ಲಿ ನೆನೆಯಬಹುದು.

ಇದನ್ನೋದಿ ರೊಟ್ಟಿಯನ್ನು ದೂರತಕ್ಕುದಲ್ಲ. ಗೋಕಾಕ ಸೀಮೆಯ ಸರಿಯಾದ ಗಂಗಾಳದಲ್ಲಿ ರೊಟ್ಟಿಯ ಜೊತೆಗೆ ಬ್ಯಾಳಿಯುಂಟು, ಪಲ್ಯವುಂಟು, ಮೊಸರುಂಟು, ಶೇಂಗಾದ ಹಿಂಡಿಯುಂಟು. ಶೇಂಗಾದಲ್ಲಿ ಆ ಸತ್ತ್ವ ಹೇರಳವಾಗಿದೆ. ಬರಗಾಲದಲ್ಲಿ ಮೊದಲು ಗಂಗಾಳದಿಂದ ಹೋಗುವುವು ಇವೇ. ಉಳಿಯುವುದು ರೊಟ್ಟಿ, ಖಾರ, ಉಳ್ಳಾಗಡ್ಡಿ. ಉತ್ತರ ಕರ್ನಾಟಕದ ಬರಗಾಲದ ಕತೆಗಳಲ್ಲಿ ಹಸಿದವರು ದೇವಿಯನ್ನು ಕಾಣುತ್ತಾರೆ, ಗೌಡನು ತಮ್ಮನ್ನು ಕೊಲ್ಲಿಸುವನೆಂದು ಅಂಜುತ್ತಾರೆ. ಗೌಡನ ಅಂಜಿಕೆಗೆ ಎಷ್ಟೋ ಕಡೆ ನಿಜವಾದ ಕಾರಣವೂ ಇದ್ದೀತು. ಇದನ್ನು ವರ್ಗಸಂಘರ್ಷದ ಸಂಕೇತವೆಂದು ಓದಿದವರಿದ್ದಾರೆ, ಆದಿಮಾತೃಕೆಯೆಂದು ಓದಿದವರಿದ್ದಾರೆ. ಅವರು ಏನನ್ನು ಉಂಡಿದ್ದರೆಂದು ಕೇಳಿದವರನ್ನು ನಾನು ಕಂಡಿಲ್ಲ.

ವೈದ್ಯದ ಓದು ಎಲ್ಲಿ ನಿಲ್ಲಬೇಕೆಂಬುದನ್ನೂ ಹೇಳಬೇಕು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ 'ಕರಿಮಾಯಿ' (1975) ಕಾದಂಬರಿಯ ಶಿವಾಪುರದಲ್ಲಿ ದೇವಿ ಪೂಜಾರಿಯ ಮೈತುಂಬುತ್ತಾಳೆ, ಊರಿನ ನ್ಯಾಯಾನ್ಯಾಯಗಳನ್ನು ನುಡಿಯುತ್ತಾಳೆ. ಇದನ್ನು ಮೂರ್ಛೆರೋಗವೆಂದೋ ಚಿತ್ತವಿಕಾರವೆಂದೋ ಓದಿದರೆ ಕಾದಂಬರಿಯೂ ಹೋಗುತ್ತದೆ, ವೈದ್ಯವೂ ಹೋಗುತ್ತದೆ. ಮೈತುಂಬುವುದಕ್ಕೆ ಹೊತ್ತಿದೆ, ಸ್ಥಳವಿದೆ, ಡೊಳ್ಳಿದೆ, ಕೇಳುವ ಊರಿದೆ. ಮುಗಿದ ಮೇಲೆ ಪೂಜಾರಿ ತನ್ನ ಹೊಲಕ್ಕೆ ಹೋಗುತ್ತಾನೆ. ರೋಗದ ಧ್ವನಿ ಕರೆಯದೆ ಬರುತ್ತದೆ, ಒಬ್ಬನಿಗೇ ಬರುತ್ತದೆ, ಕೆಲಸ ಕೆಡಿಸುತ್ತದೆ, ಹೋಗೆಂದರೆ ಹೋಗುವುದಿಲ್ಲ. ಈ ಭೇದವನ್ನು ಹಳ್ಳಿಯವರು ಚೆನ್ನಾಗಿ ಬಲ್ಲರು. 'ಮೈಯಾಗ ಬಂದೈತಿ' ಎಂದು ಕೈಮುಗಿದವರೇ ಇನ್ನೊಬ್ಬನನ್ನು ನೋಡಿ 'ಇದು ದೇವರಲ್ಲ, ತಲಿ ಕೆಟ್ಟೈತಿ' ಎನ್ನುತ್ತಾರೆ. ಕಂಬಾರರ ಕೃತಿಗಳ ಬಗೆಗೆ ಪುರಾಣಪ್ರತಿಮೆಯ ವಿಮರ್ಶೆ ಮಾಡಿರುವ ಕೆಲಸ ದೊಡ್ಡದೇ. ಆದರೆ ಶಿವಾಪುರಕ್ಕೆ ಒಗ್ಗಿದ ಆ ಕೀಲಿಕೈಯನ್ನು ಕಾವೇರಿಯ ಕೋಣೆಗೂ ಬರಗಾಲದ ಗುಡಿಸಲಿಗೂ ಹಾಕಿದರೆ ಬೀಗ ತೆರೆಯದು.

ಈ ಸೀಮೆಯ ರೋಗಪದಗಳ ಸಂಗ್ರಹ ಇನ್ನೂ ಆಗಬೇಕಾಗಿದೆ. ಸಂಕೇಶ್ವರದಿಂದ ಪಶ್ಚಿಮಕ್ಕೆ ಹೋದಂತೆ ಮಾತಿನಲ್ಲಿ ಮರಾಠಿ ಬೆರೆಯುತ್ತದೆ; ಅಲ್ಲಿ ಜ್ವರದ ಬಡಬಡಿಕೆಗೆ ಸನ್ನಿಯೆನ್ನದೆ 'ವಾತ'ವಾಯಿತೆನ್ನುವ ಮರಾಠಿ ರೂಢಿ ಎದುರಾಗುತ್ತದೆ. ಒಂದೇ ಆಯುರ್ವೇದದ ಐದು ಬಗೆಗಳಲ್ಲಿ ಒಂದು ಭಾಷೆ ಮೊದಲನೆಯದನ್ನೂ ಇನ್ನೊಂದು ನಾಲ್ಕನೆಯದನ್ನೂ ಏಕೆ ಆರಿಸಿಕೊಂಡಿತು, ಹುಕ್ಕೇರಿಯ ಎರಡು ಮಾತಿನ ಮನೆಗಳಲ್ಲಿ ಯಾವ ರೋಗಿಗೆ ಯಾವ ಪದ ಸಲ್ಲುತ್ತದೆ ಎಂಬುದನ್ನು ಮನೆಮನೆಗೆ ಹೋಗಿ, ಅದರಲ್ಲೂ ಹಳೆಯ ಸೂಲಗಿತ್ತಿಯರು ಇರುವಷ್ಟರಲ್ಲಿಯೇ, ಕೇಳಿ ಬರೆದುಕೊಳ್ಳಬೇಕು.